ಕೈ ಖಾಲಿ ಇದ್ದ ಮೂರನೆಯವನು

ನಾನೊಂದು ಲೋಡ್ ಬ್ಯಾಲೆನ್ಸರ್. ಹೆಸರು ಕೇಳಿ ಹೆದರಬೇಡಿ, ನೋಡಲು ಚಪ್ಪಟೆ ಕಬ್ಬಿಣದ ಪೆಟ್ಟಿಗೆ ಅಷ್ಟೇ. ಯಾವುದೋ ದೂರದ ಕಾರ್ಖಾನೆಯಲ್ಲಿ ಹುಟ್ಟಿ, ಥರ್ಮಾಕೋಲಿನ ನಡುವೆ ಉಸಿರು ಬಿಗಿಹಿಡಿದು ಹುಬ್ಬಳ್ಳಿಗೆ ಬಂದೆ. ಇಲ್ಲಿನ ಒಂದು ಆಂಬ್ಯುಲೆನ್ಸ್ ಸಂಸ್ಥೆಯ ತಣ್ಣನೆಯ ಕೋಣೆಯಲ್ಲಿ ನನ್ನನ್ನು ಕೂರಿಸಿದವಳು ಎಂಜಿನಿಯರ್ ಜಯಶೀಲಾ ಹಾದಿಮನಿ.

ಜನ ಮೊಬೈಲಿನಲ್ಲಿ ಆಂಬ್ಯುಲೆನ್ಸ್ ಕೇಳಿದರೆ ಆ ಕೋರಿಕೆ ಮೊದಲು ಬರುವುದು ನನ್ನ ಬಳಿಗೆ. ನನ್ನ ಕೆಳಗೆ ಮೂರು ಸರ್ವರ್‌ಗಳು. ಯಾರ ಕೈ ಖಾಲಿಯೋ ಅವರಿಗೆ ಕೊಡುವುದು ನನ್ನ ಕೆಲಸ. ಗಾಡಿ ಕಳಿಸುವುದು ಅವರ ಕೆಲಸ. ನಡುನಡುವೆ "ಇದ್ದೀಯಾ?" ಎಂದು ಕೂಗುತ್ತಿದ್ದೆ. "ಇದ್ದೀನಿ" ಎಂದರೆ ಸಾಕಿತ್ತು.

"ಸರ್, ಅದಾನೋ ಇಲ್ಲೋ ಅಂತಷ್ಟ ಕೇಳಿದ್ರ ಸಾಲಂಗಿಲ್ರೀ. ಕೆಲಸ ಮಾಡ್ತಾನೋ ಇಲ್ಲೋ ಅಂತನೂ ನೋಡಬೇಕು," ಎಂದಿದ್ದಳು ಜಯಶೀಲಾ.

"ಈಗ ನಡದೈತಲ್ಲವಾ, ಸುಮ್ನಿರು. ಮುಂದ ನೋಡೂಣು," ಎಂದರು ಮ್ಯಾನೇಜರ್ ಈರಪ್ಪ ಅಂಗಡಿ. ಆ 'ಮುಂದೆ' ಬರಲೇ ಇಲ್ಲ, ಹಾಳಾದ್ದು!

ಒಂದು ಬೆಳಿಗ್ಗೆ ಮೂರನೆಯವನ ಒಳಗೇನೋ ಕೆಟ್ಟಿತು. ಕೊಟ್ಟ ಕೋರಿಕೆಯನ್ನೆಲ್ಲ ತಕ್ಷಣ ಕೈಬಿಡತೊಡಗಿದ. ಕೂಗಿದರೆ ಮಾತ್ರ "ಇದ್ದೀನಿ" ಎನ್ನುತ್ತಿದ್ದ. ಉಳಿದಿಬ್ಬರು ಬೆವರು ಸುರಿಸಿ ದುಡಿಯುತ್ತಿದ್ದರೆ ಅವನ ಕೈ ಸದಾ ಖಾಲಿ. ನನಗೆ ಕಲಿಸಿದ್ದೇನು? ಖಾಲಿ ಇದ್ದವನಿಗೆ ಕೊಡು. ಬಂದದ್ದನ್ನೆಲ್ಲ ಅವನಿಗೇ ಸುರಿದೆ.

ಕುಂದಗೋಳದಿಂದ ಒಂದು ಕೋರಿಕೆ ಬಂತು: ಚನ್ನಬಸಪ್ಪ ಹಾದಿಮನಿ, ಎದೆನೋವು. ಜಯಶೀಲಾಳ ಅಪ್ಪ. ಅದೂ ಮೂರನೆಯವನ ಪಾಲಾಯಿತು. ಮತ್ತೆ ಬಂತು, ಮತ್ತೆ ಅವನಿಗೇ ಹೋಯಿತು.

ಜಯಶೀಲಾ ಫೋನ್ ಕಿವಿಗಿಟ್ಟುಕೊಂಡೇ ಓಡಿಬಂದಳು. "ಅಕ್ಕಾ, ಗಾಡಿ ಬರವಲ್ದು! ಅಪ್ಪ ಕಣ್ಣ ಬಿಡವಲ್ಲ!" ಅವಳ ತಂಗಿಯ ಕೂಗು ನನಗೂ ಕೇಳಿಸಿತು. ತೆರೆಯ ಮೇಲೆ ಮೂವರ ಹೆಸರಿನ ಮುಂದೆಯೂ ಹಸಿರು ದೀಪ. ಯಾರಿಗೆ ಎಷ್ಟು ಕೆಲಸ ಹೋಗಿದೆ ಎಂದು ನೋಡಿದಳು; ಎಲ್ಲವೂ ಮೂರನೆಯವನಿಗೇ. ಮೂರನೆಯವನ ವೈರನ್ನು ಕಿತ್ತೆಸೆದಳು. ಮುಂದಿನ ಕೂಗಿಗೆ ಅವನು ಓಗೊಡಲಿಲ್ಲ. ನಾನು ಉಳಿದಿಬ್ಬರಿಗೆ ಹಂಚಿದೆ. ಗಾಡಿ ಹೊರಟಿತು. ಅದು ಕುಂದಗೋಳ ಮುಟ್ಟುವಷ್ಟರಲ್ಲಿ ಚನ್ನಬಸಪ್ಪ ತೀರಿಕೊಂಡಿದ್ದರು.

"ಮಷಿನ್ ಹಳೇದಾಗಿತ್ರೀ," ಎಂದು ಈರಪ್ಪ ನನ್ನತ್ತ ಬೆರಳು ತೋರಿಸಿ ಎಲ್ಲರಿಗೂ ಹೇಳಿದರು. ಮೈಯೆಲ್ಲ ಉರಿಯಿತು ನನಗೆ. ಯಾರ ಹತ್ತಿರ ಹೇಳಿಕೊಳ್ಳಲಿ?

ಈಗ ನನ್ನ ಜಾಗದಲ್ಲಿ ಹೊಸಬನಿದ್ದಾನೆ. ಅವನು ಕೆಟ್ಟರೆ ಇರಲಿ ಎಂದು ನನ್ನನ್ನು ಕೆಳಗಿನ ಮೂಲೆಯಲ್ಲಿ ಉಳಿಸಿದ್ದಾರೆ. ನನ್ನ ಫ್ಯಾನು ಗೊರಗೊರ ಎನ್ನುತ್ತದೆ, ಮೈತುಂಬ ಧೂಳು. ಹೊಸಬ "ಇದ್ದೀಯಾ?" ಎಂದು ಕೇಳಿ ಸುಮ್ಮನಾಗುವುದಿಲ್ಲ. ಜಯಶೀಲಾ ಕಲಿಸಿದಂತೆ, ಪರೀಕ್ಷೆಗೆಂದು ಪ್ರತಿಯೊಬ್ಬನಿಗೂ ಒಂದು ಸುಳ್ಳು ಕೋರಿಕೆ ಕೊಡುತ್ತಾನೆ; ಅದಕ್ಕೆ ನಿಜದ ಗಾಡಿ ಕದಲುವುದಿಲ್ಲ. ಗಾಡಿ ಹೊರಟಿತು ಎಂಬ ಉತ್ತರ ಬಂದರಷ್ಟೇ ಆ ಸರ್ವರ್‌ಗೆ ನಿಜವಾದ ಕೆಲಸ.

ಆ ಸುಳ್ಳು ರೋಗಿಗೆ ಹೆಸರಿಟ್ಟವಳೂ ಅವಳೇ. ದಿನವಿಡೀ ಅದು ನನ್ನ ಮುಂದೆ ಹಾದುಹೋಗುತ್ತದೆ: ಚನ್ನಬಸಪ್ಪ ಹಾದಿಮನಿ, ಕುಂದಗೋಳ, ಎದೆನೋವು. ಪ್ರತಿ ಸಲವೂ ಗಾಡಿ ತಕ್ಷಣ ಹೊರಡುತ್ತದೆ.