ನಟ್ಟಿನ ಮೇಲಿನ ಹಳದಿ ಗೆರೆ

ಭಾಗ್ಯಶ್ರೀ ಸತ್ತ ಅಪ್ಪನ ಮಡಿಲಿನಿಂದ ನಟ್ಟು ಬಿಗಿಯುವ ಪಾನಾ ಎತ್ತಿಕೊಂಡಳು. ಹೆಣ ಹೊರುವ ವಿಮಾನಕ್ಕೆ ಹೂ ಕಟ್ಟುತ್ತಿದ್ದವರ ಕೈಗಳು ನಿಂತವು.

"ಅದನ್ನ ಅಲ್ಲೇ ಇಡವ್ವಾ," ಎಂದ ಕಾಕಾ ದೇವಿಂದ್ರಪ್ಪ. "ಅಣ್ಣನ ಜೋಡಿ ಕುಣಿಗೆ ಹೋಗ್ಲಿ. ಇನ್ನ ಯಾರು ಹಿಡೀತಾರ ಅದನ್ನ?"

"ನಾ ಹಿಡೀತೀನಿ, ಕಾಕಾ."

"ಹೆಣ್ಣುಡುಗಿ ಹಂತ್ಯಾಕ ಗಾಡಿ ಯಾರು ತರ್ತಾರ? ಅಂಗಡಿ ಮುಚ್ಚೋದೇ ಚೊಲೊ."

ಅವಳ ಅಪ್ಪ, ಶಹಾಬಾದಿನ ಬೈಕ್ ಮೆಕ್ಯಾನಿಕ್ ಅಮೃತಪ್ಪ, ವಿಭೂತಿ ಬಳಿಸಿಕೊಂಡು ನೆಟ್ಟಗೆ ಕೂತಿದ್ದ. ಬದುಕಿದ್ದಾಗ ಇಷ್ಟು ನೆಟ್ಟಗೆ ಕೂತವನೇ ಅಲ್ಲ. ಯಾವಾಗಲೂ ಯಾರದೋ ಗಾಡಿಯ ಮುಂದಿನ ಚಕ್ರದೆದುರು ಕುಕ್ಕರಗಾಲು. ಅವನ ಪಾನಾ ಎಲ್ಲರ ಪಾನಾದಂಥದಲ್ಲ. ಎಷ್ಟು ಬಿಗಿಯಬೇಕೋ ಆ ಅಂಕಿಗೆ ಹಿಡಿಕೆ ತಿರುಗಿಸಿಟ್ಟರೆ, ಅಷ್ಟಾದ ಕೂಡಲೇ 'ಟಕ್' ಎನ್ನುತ್ತಿತ್ತು. ಆಮೇಲೆ ಅವನು ನಟ್ಟಿನಿಂದ ಚಕ್ರ ಹಿಡಿದ ಫೋರ್ಕಿನವರೆಗೆ ಹಳದಿ ಬಣ್ಣದ ಒಂದು ಗೆರೆ ಎಳೆಯುತ್ತಿದ್ದ. ನಟ್ಟು ಕೂದಲೆಳೆಯಷ್ಟು ಸಡಿಲಾದರೂ ಗೆರೆ ಮುರಿದು ಕಾಣಬೇಕು. ಊರು ಅವನನ್ನು ತಕ್ಕಡಿ ಅಮೃತಪ್ಪ ಎನ್ನುತ್ತಿತ್ತು. ಹೆಸರಿಟ್ಟವನು ಎದುರು ಅಂಗಡಿಯ ಮೆಕ್ಯಾನಿಕ್ ಖಾಜಾಮಿಯಾ.

*

1993ರವರೆಗೆ ಅಮೃತಪ್ಪನೂ ಎಲ್ಲರ ಹಾಗೇ ಪಾನಾದ ಮೇಲೆ ಕಾಲಿಟ್ಟು, ಮೈಭಾರ ಹಾಕಿ ಬಿಗಿಯುತ್ತಿದ್ದ. ಬಿಗಿದಷ್ಟೂ ಭದ್ರ ಎಂಬ ನಂಬಿಕೆ. ಹಾಗೆ ಬಿಗಿದ ಗಾಡಿಯ ಮೇಲೇ ಹೆಂಡತಿ ಚಂದಮ್ಮನನ್ನು ಕೂರಿಸಿಕೊಂಡು ಆಡಕಿಗೆ ಹೊರಟ. ಸೇಡಂ ದಾಟುತ್ತಲೇ, ಅತಿ ಬಿಗಿತಕ್ಕೆ ಒಳಸುತ್ತು ಸವೆದ ನಟ್ಟು ಕಳಚಿ, ಚಕ್ರ ಓರೆಯಾಗಿ ಇಬ್ಬರೂ ಬಿದ್ದರು. ಚಂದಮ್ಮನ ಎಡಗೈ ಮತ್ತೆ ನೆಟ್ಟಗಾಗಲಿಲ್ಲ. ಅವಳ ಕಟ್ಟು ಬಿಚ್ಚಿದ ವಾರವೇ ಅವನು ವಾಡಿಯ ಹಳೇ ಫಿಟ್ಟರೊಬ್ಬನ ಮನೆಗೆ ಹೋಗಿ ಆ ಪಾನಾ ತಂದ.

"ನಟ್ ಬಿಗೀಲಿಕ್ಕೂ ತೂಕಾನ?" ಎಂದು ಖಾಜಾಮಿಯಾ ಹೊಟ್ಟೆ ಹಿಡಿದುಕೊಂಡು ನಕ್ಕ.

"ನನ್ನ ಕೈಗೆ ಸೊಕ್ಕು ಅದ. ಇದಕ್ಕಿಲ್ಲ," ಎಂದ ಅಮೃತಪ್ಪ.

*

ಈಗ, ಹದಿನಾಲ್ಕು ವರ್ಷಗಳ ಮೇಲೆ, ಅದೇ ಖಾಜಾಮಿಯಾ ತನ್ನ ಗಾಡಿ ತಳ್ಳಿಕೊಂಡು ಅಂಗಳಕ್ಕೆ ಬಂದ. ಹೆಣಕ್ಕೆ ಕೈ ಮುಗಿದು ಭಾಗ್ಯಶ್ರೀ ಕಡೆ ತಿರುಗಿದ.

"ಬೇಟಿ, ಮುಂದಿನ ಚಕ್ರ ಕೂಡಿಸೀನಿ. ನಟ್ ಬಿಗಿ ಮಾಡಿಲ್ಲ. ಅದು ನಿನ್ನ ಕೆಲಸ."

ಅವನು ಗಾಡಿಯನ್ನು ಅವಳ ಮುಂದೆ ತಂದು ನಿಲ್ಲಿಸಿದ.

"ಇಷ್ಟು ವರ್ಷ ನಕ್ಕೀನಿ," ಎಂದ ಅವನು. "ಆದ್ರ ನನ್ನ ಮಗನ ಗಾಡಿ ಮಾತ್ರ ಕದ್ದು ನಿಮ್ಮಪ್ಪನ ಹಂತ್ಯಾಕೇ ಕಳಸ್ತಿದ್ದೆ. ಆ ಗೆರೆ ಒಮ್ಮೆನೂ ಮುರದಿಲ್ಲ."

"ಹೊತ್ತಾಗ್ಲಿಕತ್ತದ," ದೇವಿಂದ್ರಪ್ಪ ಗೊಣಗಿದ. "ಸುಮ್ನ ಕೈಲೇ ಬಿಗಿದು ಬಿಡವ್ವಾ."

ಭಾಗ್ಯಶ್ರೀ ಅವಸರ ಮಾಡಲಿಲ್ಲ. ಅಪ್ಪ ಕಲಿಸಿದ್ದಂತೆ, ಎಳ್ಳಷ್ಟು ಮಣ್ಣೂ ಉಳಿಯದಂತೆ ನಟ್ಟು ಒರೆಸಿದಳು. ಖಾಜಾಮಿಯಾನಿಂದ ಬ್ರೇಕ್ ಹಿಡಿಸಿ, ಫೋರ್ಕ್ ಸರಿಯಾಗಿ ಕೂರಲೆಂದು ಗಾಡಿಯನ್ನು ಮೂರು ಸಲ ಒತ್ತಿಸಿದಳು. ಅಂಕಿ ನೋಡಿ ಪಾನಾ ಹಚ್ಚಿ ನಿಧಾನ ಎಳೆದಳು. ಭಜನೆಯವರೂ ತಾಳ ನಿಲ್ಲಿಸಿ ಕಿವಿಗೊಟ್ಟರು.

ಟಕ್.

ಅವಳು ಮತ್ತೆ ಎಳೆಯಲಿಲ್ಲ. ಬಣ್ಣದ ಡಬ್ಬಿ ತೆರೆದು ಹಳದಿ ಗೆರೆ ಎಳೆದಳು. ಅಪ್ಪನ ಕೈಯ ಗೆರೆಗಿಂತ ಇದು ಒಂದಿಷ್ಟು ನೇರವಾಗಿಯೇ ಬಂತು. ಬೆಳಗಿನಿಂದ ಅತ್ತು ಊದಿದ್ದ ಅವಳ ಮುಖಕ್ಕೆ ಹೆಮ್ಮೆ ಬಂತು, ಅದನ್ನು ಅವಳು ಮುಚ್ಚಿಡಲೂ ಇಲ್ಲ.

ಚಂದಮ್ಮ ಸೊಟ್ಟ ಕೈ ಎತ್ತಿ ತೋರಿಸಿದಳು.

"ಇದೊಂದು ಹೋತು. ಊರವ್ರ ಕೈಕಾಲು ಉಳದಾವ. ಪಾನಾ ಮಗಳ ಹಂತ್ಯಾಕೇ ಇರ್ಲಿ, ದೇವಿಂದ್ರಪ್ಪ."

ದೇವಿಂದ್ರಪ್ಪ ಅಣ್ಣನ ಹೆಂಡತಿಯ ಮುಖ ನೋಡಿದ, ಬಾಗಿಲಾಚೆ ನಿಂತಿದ್ದ, ಮಣ್ಣಿಗೆ ಬಂದವರ ಇಪ್ಪತ್ತು ಮೂವತ್ತು ಗಾಡಿಗಳನ್ನು ನೋಡಿದ. ಎಲ್ಲದರ ಮುಂದಿನ ಚಕ್ರಕ್ಕೂ ಹಳದಿ ಗೆರೆಯಿತ್ತು. ಅವನು ಜೇಬಿನಿಂದ ಅಂಗಡಿಯ ಕೀಲಿ ತೆಗೆದು ಭಾಗ್ಯಶ್ರೀ ಕೈಗಿಟ್ಟ.

"ನಾಳಿ ನನ್ನ ಗಾಡೀನೂ ನೋಡವ್ವಾ," ಎಂದ.

ವಿಮಾನ ಎದ್ದಿತು. ಭಾಗ್ಯಶ್ರೀ ಪಾನಾ ಹೆಗಲಿಗಿಟ್ಟುಕೊಂಡು ನಡೆದಳು. ಪಕ್ಕದಲ್ಲಿ ಖಾಜಾಮಿಯಾ ಗಾಡಿ ತಳ್ಳುತ್ತ ಬಂದ. ಚಕ್ರ ತಿರುಗುತ್ತಲೇ ಇತ್ತು, ಹಸಿ ಗೆರೆ ಇದ್ದಲ್ಲೇ ಇತ್ತು.