ಅವಳೇ ಹೇಳಲಿ

"ಬಂದವರು ಕೂರೋಕೆ ಜಾಗ ಬೇಡ್ವಾ? ಎಲ್ಲಿ ನೋಡಿದ್ರೂ ಇವೇ," ಎಂದು ಗೊಣಗುತ್ತ ತಂಗಿ ಕುರ್ಚಿಯ ಮೇಲಿದ್ದ ಮರದ ಆನೆ, ಕೈಗೊಂಬೆ, ಪೀಪಿಗಳನ್ನೆಲ್ಲ ಬಕೆಟ್ಟಿಗೆ ಸುರಿಯುತ್ತಿದ್ದಳು. ಹಜಾರದ ನಡುವೆ ಬಿಳಿ ಹೊದಿಕೆಯಡಿ ಅಕ್ಕ ಮಲಗಿದ್ದಳು. ಮಾತು ತಡವಾದ ಮಕ್ಕಳಿಗೆ ಶಾಲೆಯಲ್ಲಿ ಮಾತು ಕಲಿಸುತ್ತಲೇ ಆಯಸ್ಸು ಸವೆಸಿದವಳು. ಹೋಗುವಾಗಲಾದರೂ ಮನೆ ಒಪ್ಪ ಮಾಡಿ ಹೋಗಬಾರದಿತ್ತೇ ಎಂದು ತಂಗಿಗೆ ಸಿಟ್ಟು.

ಶಾಲೆಯ ಹೆಡ್‌ಮಿಸ್ ಬಂದು ತಂಗಿಯ ಕೈ ಹಿಡಿದುಕೊಂಡರು. "ದೇವರಂಥವರು. ದಿನಾ ಮಕ್ಕಳ ಜೊತೆ ಆಟವೋ ಆಟ. ಆಡೋಕೂ ಸಂಬಳ, ನಿಮ್ದೇ ಪುಣ್ಯ ಕಣ್ರೀ ಅಂತ ರೇಗಿಸ್ತಿದ್ವಿ."

"ಶಾಲೇಲಿ ಅವಳ ರೂಮಿಗೆ ಇನ್ನು ಯಾರು?" ಎಂದಳು ತಂಗಿ.

"ಯಾರು ಸಿಗ್ತಾರೆ ಹೇಳಿ. ಸದ್ಯಕ್ಕೆ ಆಟದ ಸಾಮಾನು ಇಡ್ತೀವಿ."

ಒಂದನೇ ಕ್ಲಾಸಿನ ಮಗಳ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದ ತಾಯಿಗೆ ಅದು ಕೇಳಿಸಿತು. "ಈಗೀಗಷ್ಟೇ ತುಟಿ ಆಡಿಸ್ತಿದ್ಲು ಮೇಡಂ, ಅದೂ ಟೀಚರ್ ಮುಂದೆ ಮಾತ್ರ. ಮನೇಲಿ ಒಂದಕ್ಷರ ಇಲ್ಲ. ಇನ್ನು ಇವಳ ಗತಿ?"



*

ಒಮ್ಮೆ ತಂಗಿ ಮನೆಯ ಕೀ ಕೇಳಲು ಶಾಲೆಗೆ ಹೋಗಿದ್ದಳು. ಅಕ್ಕ ನೆಲದ ಮೇಲೆ ಕೂತು, ಸೋಪಿನ ಗುಳ್ಳೆ ಊದುವ ಸೀಸೆಯನ್ನು ಬಿಗಿಯಾಗಿ ಮುಚ್ಚಿ ಹಿಡಿದಿದ್ದಳು. ಎದುರಿಗೆ ಇದೇ ಹುಡುಗಿ. ತುಟಿ ಸೇರುತ್ತಿತ್ತು, ಬಿಡುತ್ತಿತ್ತು, ಕತ್ತಿನ ನರ ಉಬ್ಬುತ್ತಿತ್ತು. ಅಕ್ಕ ಸುಮ್ಮನೆ ನೋಡುತ್ತಿದ್ದಳು. ಕೊಟ್ಟುಬಿಡಬಾರದೇ, ಎಂಥ ಕಲ್ಲುಮನಸ್ಸು ಎಂದು ತಂಗಿಗೆ ಮೈ ಉರಿಯಿತು.

ಅಷ್ಟರಲ್ಲಿ ಒಳಬಂದ ಹೆಡ್‌ಮಿಸ್, "ಅಯ್ಯೋ ಪಾಪ, ಬೇಕಂತೆ, ಕೊಡ್ರೀ," ಎಂದು ತಾವೇ ಮುಚ್ಚಳ ತೆಗೆದು ಕೊಟ್ಟರು. ಹುಡುಗಿ ಮಾತಿನ ಗೊಡವೆ ಬಿಟ್ಟು ಗುಳ್ಳೆ ಊದತೊಡಗಿದಳು.

ಸಂಜೆ ಅಕ್ಕ ಪಾತ್ರೆ ಕುಕ್ಕುತ್ತಿದ್ದಳು. "ನಾಲಿಗೆ ತುದಿಗೆ ಬಂದಿತ್ತು ಕಣೇ. ಕೇಳದೇನೇ ಸಿಕ್ಕಿದ್ರೆ ಮಗು ಯಾಕೆ ಮಾತಾಡುತ್ತೆ? ಎಲ್ರಿಗೂ ಅವಸರ. ಎಲ್ರೂ ಒಳ್ಳೆಯವರು ಬೇರೆ. ಈ ಒಳ್ಳೆಯವರನ್ನ ಕಟ್ಕೊಂಡು ನಾನು ಏಗಬೇಕು."

*

ಅಕ್ಕನನ್ನು ಒಯ್ಯಲು ಬಂದ ವ್ಯಾನಿನ ಡ್ರೈವರ್ ಹಾರ್ನ್ ಒತ್ತಿದ. ಹೊರುವವರು ಬಗ್ಗಿದರು. ಆಗ ಹುಡುಗಿ ತಾಯಿಯ ಕೈ ಬಿಡಿಸಿಕೊಂಡು ಬಂದು ಅಕ್ಕನ ಪಕ್ಕ ನಿಂತಳು. ತುಟಿ ಅಲುಗಿತು.

"ಟೀಚರ್‌ಗೆ ಟಾಟಾ ಅನ್ನು ಪುಟ್ಟಿ," ಎಂದರು ಹೆಡ್‌ಮಿಸ್. "ಟಾ..."

"ಹೇಳು ಕಂದ, ಹೇಳೇ," ಎಂದು ತಾಯಿ ಅಂಗಲಾಚಿದಳು.

"ಸ್ವಲ್ಪ ಬಾಯಿ ಮುಚ್ಕೊಂಡಿರ್ತೀರಾ ಎಲ್ರೂ?" ಎಂದು ತಂಗಿ ರೇಗಿದಳು. "ಅವಳೇ ಹೇಳಲಿ. ವ್ಯಾನು ಕಾಯುತ್ತೆ."

ಅವಳು ಹುಡುಗಿಯ ಎದುರು ನೆಲದ ಮೇಲೆ ಕೂತಳು. ಹುಡುಗಿಯ ಕತ್ತಿನ ನರ ಉಬ್ಬಿತು. ಏನಾದರೂ ಹೇಳಿಕೊಡೋಣ ಎಂದು ತಂಗಿಯ ನಾಲಿಗೆಯೇ ತುರಿಸುತ್ತಿತ್ತು. ಹಲ್ಲು ಕಚ್ಚಿ ಕೂತಳು. ಹೊರಗೆ ಇನ್ನೊಮ್ಮೆ ಹಾರ್ನ್ ಆಯಿತು. ಯಾರೂ ಕದಲಲಿಲ್ಲ.

"ಕಾ... ಕಾಲು," ಎಂದಳು ಹುಡುಗಿ.

ಹೊದಿಕೆ ಜಾರಿ ಅಕ್ಕನ ಒಂದು ಪಾದ ಹೊರಗಿತ್ತು. ಇಷ್ಟು ಜನ ಬಂದು ಹೋದರೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

"ಚಳಿ," ಎಂದಳು ಹುಡುಗಿ. ಮಂಡಿಯೂರಿ ಹೊದಿಕೆಯ ಅಂಚನ್ನು ಎಳೆದು, ಪಾದದ ಸುತ್ತ ಎರಡೂ ಕೈಯಿಂದ ಒತ್ತಿ ಒತ್ತಿ ಮುಚ್ಚತೊಡಗಿದಳು.