ನಿಂತಿರೋದು ಬಲ, ಕೂತಿರೋದು ಎಡ

ಮೂರನೆಯ ಸಲ ಪೆಡಲ್ ಕಳಚಿ ಬಿದ್ದದ್ದು ಗುರುವಾರ ಬೆಳಿಗ್ಗೆ, ನಾಲ್ಕು ರಸ್ತೆ ಕೂಡುವಲ್ಲಿ, ಹಿಂದಿನಿಂದ ಬಸ್ಸು ಒಂದೇ ಸಮನೆ ಹಾರ್ನ್ ಹೊಡೆಯುತ್ತಿದ್ದಾಗ. ಟ್ಯೂಬಕ್ಕನ ಎಡಗಾಲು ಬರೀ ಗಾಳಿಯನ್ನು ತುಳಿಯಿತು. ಸೈಕಲ್ ಒಂದು ಕಡೆ, ಅವಳು ಒಂದು ಕಡೆ, ಕ್ಯಾರಿಯರ್ ಮೇಲೆ ಕಟ್ಟಿದ್ದ ಐಸ್ ಡಬ್ಬಿ ಇನ್ನೊಂದು ಕಡೆ. ಮೊಣಕೈ ತರಚಿದ್ದು ಅವಳಿಗೆ ಆಮೇಲೆ ಗೊತ್ತಾಯಿತು. ಮೊದಲು ಕಂಡದ್ದು ಡಬ್ಬಿಯ ಮುಚ್ಚಳದ ಸಂದಿಯಿಂದ ಇಳಿಯುತ್ತಿದ್ದ ರಕ್ತ.

ಅದು ಅವಳ ರಕ್ತವಲ್ಲ. ಆರು ಕ್ಲಿನಿಕ್ಕುಗಳಲ್ಲಿ ಬೆಳಿಗ್ಗೆ ತೆಗೆದ ರಕ್ತದ ಟ್ಯೂಬುಗಳನ್ನು ಹತ್ತು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸುವುದು ಅವಳ ಕೆಲಸ. ಕ್ಲಿನಿಕ್ಕಿನವರು ಟ್ಯೂಬಕ್ಕ ಎಂದು ಹೆಸರಿಟ್ಟದ್ದು ಅದಕ್ಕೇ. ಒಂಬತ್ತು ವರ್ಷದಲ್ಲಿ ಒಂದು ಟ್ಯೂಬೂ ಒಡೆದಿರಲಿಲ್ಲ. ಮನೆಯಲ್ಲಿ ಗಂಡ, ಲ್ಯಾಬಿನಲ್ಲಿ ಇನ್‌ಚಾರ್ಜ್, ಇಬ್ಬರ ಕಣ್ಣಿಗೂ ಬೀಳದೆ ತನ್ನ ಪಾಡಿಗೆ ತಾನಿರಲು ಅವಳಿಗೆ ಸಿಗುತ್ತಿದ್ದದ್ದು ಬೆಳಗಿನ ಆ ಮೂರು ಗಂಟೆ ಮಾತ್ರ. ಆ ಮೂರು ಗಂಟೆಯ ಮೇಲೆ ಅವಳಿಗೆ ಪ್ರಾಣ.

"ಹನ್ನೊಂದು ಟ್ಯೂಬ್ ಹೋಯ್ತು," ಎಂದರು ಇನ್‌ಚಾರ್ಜ್. "ಹನ್ನೊಂದು ಜನಕ್ಕೆ ಮತ್ತೆ ಸೂಜಿ ಚುಚ್ಚಬೇಕು. ಅದರಲ್ಲಿ ಒಂದು ಎರಡು ವರ್ಷದ ಮಗು. ಬೆಳಿಗ್ಗೆ ನರ ಸಿಗೋಕೇ ಅರ್ಧ ಗಂಟೆ ಆಯ್ತಂತೆ, ನರ್ಸ್ ಫೋನಲ್ಲಿ ಬೈದ್ರು."

ಟ್ಯೂಬಕ್ಕ ತಲೆ ತಗ್ಗಿಸಿ ನಿಂತಳು.

"ಎರಡು ದಿನ ಆಟೋದಲ್ಲಿ ತರಿಸ್ಕೋತೀನಿ. ಸೋಮವಾರ ನೀವು ಬನ್ನಿ. ಇನ್ನೊಂದು ಟ್ಯೂಬ್ ಒಡೀತು ಅಂದ್ರೆ ಒಳಗೆ ಗಾಜು ತೊಳೆಯೋ ಕೆಲಸ. ಸೈಕಲ್ ಹೊಡೆಯೋಕೆ ಬರೋರು ಬೇಕಾದಷ್ಟು ಜನ ಸಿಗ್ತಾರೆ."

ಗಾಜು ತೊಳೆಯುವ ಕೋಣೆಗೆ ಕಿಟಕಿಯಿಲ್ಲ. ಅಲ್ಲಿ ಕೆಲಸ ಮಾಡುವಾಕೆಯ ಬೆರಳುಗಳು ಆ್ಯಸಿಡ್ ತಾಗಿ ಸಿಪ್ಪೆ ಸುಲಿದಿದ್ದನ್ನು ಟ್ಯೂಬಕ್ಕ ನೋಡಿದ್ದಳು. ಆದರೆ ಅದಕ್ಕಿಂತ ಹೆಚ್ಚು ಉರಿದದ್ದು ಆ ಕೊನೆಯ ಮಾತು. ಸೈಕಲ್ ಹೊಡೆಯೋಕೆ ಬರೋರು. ಅಂದರೆ ತನಗೆ ಬರುವುದಿಲ್ಲ ಎಂದಾಯಿತು.

ಕಳಚಿದ ಪೆಡಲನ್ನು ಚೀಲಕ್ಕೆ ಹಾಕಿಕೊಂಡು ಸೈಕಲ್ ತಳ್ಳುತ್ತಾ ಮನೆ ಸೇರಿದಳು. ಸಂಜೆ ಗಂಡ ಬಂದ. ಚಪ್ಪಲಿ ಅಂಗಡಿಯಲ್ಲಿ ಸೇಲ್ಸ್‌ಮನ್ ಅವನು. ದಿನವಿಡೀ ಊರಿನವರ ಕಾಲು ಹಿಡಿದು ಬಂದವನಿಗೆ ಮನೆಯಲ್ಲಿ ಯಾರ ಮಾತೂ ಹಿಡಿಸುವುದಿಲ್ಲ.

"ನೀನು ಎಡಗಾಲಿಗೆ ಜಾಸ್ತಿ ಭಾರ ಹಾಕ್ತೀಯ," ಎಂದ, ಶರ್ಟಿನ ಗುಂಡಿ ಬಿಚ್ಚುತ್ತಾ. "ಹಂಗೆ ತುಳಿದ್ರೆ ಯಾವ ಪೆಡಲ್ ತಾನೆ ನಿಲ್ಲುತ್ತೆ. ಭಾನುವಾರ ಬಿಗಿ ಮಾಡಿಕೊಡ್ತೀನಿ ಬಿಡು."

"ಎರಡು ಸಲ ಬಿಗಿ ಮಾಡಿದ್ರಲ್ಲ. ಈ ಸಲ ಅಂಗಡಿಗೆ ಒಯ್ತೀನಿ."

"ಸೈಕಲ್ ರಿಪೇರಿಯವನ ಮಗ ನಾನು. ನನ್ನ ಮನೆ ಸೈಕಲ್ಲು ಇನ್ನೊಬ್ಬನ ಅಂಗಡಿ ಬಾಗಿಲಿಗೆ ಹೋಗೋದಾ?"

ಈ ಮಾತು ಬಂತೆಂದರೆ ಮುಂದೆ ಮಾತಿಲ್ಲ. ರಿಪೇರಿಯವನ ಮಗ ಎಂಬುದೇನೋ ನಿಜ. ಆದರೆ ಆ ಅಪ್ಪ ಬದುಕಿರುವವರೆಗೆ ಮಗನನ್ನು ಸ್ಪ್ಯಾನರ್ ಮುಟ್ಟಲು ಬಿಡಲಿಲ್ಲ. ಓದು, ಕೈ ಕಪ್ಪು ಮಾಡಿಕೊಳ್ಳಬೇಡ ಎಂದು ಅಟ್ಟುತ್ತಿದ್ದರು. ಮಗ ಓದಿದ್ದೂ ಅಷ್ಟಕ್ಕಷ್ಟೆ, ಕಲಿತದ್ದೂ ಅಷ್ಟಕ್ಕಷ್ಟೆ. ವಿದ್ಯೆ ರಕ್ತದಲ್ಲೇ ಇಳಿದು ಬಂದಿದೆ ಎಂದು ಮಾತ್ರ ಗಟ್ಟಿಯಾಗಿ ನಂಬಿದ್ದ. ಕಂಡದ್ದನ್ನೆಲ್ಲ ಬಲಕ್ಕೆ ತಿರುಗಿಸಿ ಬಿಗಿ ಮಾಡುವುದೊಂದೇ ಅವನ ರಿಪೇರಿ. ಟ್ಯೂಬಕ್ಕ ಮನಸ್ಸಿನಲ್ಲೇ ಅವನಿಗೆ ಬಿಗಿರಾಯ ಎಂದು ಹೆಸರಿಟ್ಟಿದ್ದಳು.

ಆರು ವಾರದ ಹಿಂದೆ ಹಳೆಯ ಎಡ ಪೆಡಲ್ ಸವೆದು ಮುರಿದಾಗ ಬಿಗಿರಾಯ ಹೊಸ ಜೋಡಿ ತಂದಿದ್ದ. ಅದರಲ್ಲಿ ಒಂದನ್ನು ಪೆಡಲ್ ಕೂರುವ ಕಬ್ಬಿಣದ ತೋಳಿನ ತೂತಿಗಿಟ್ಟು ಬಲಕ್ಕೆ ತಿರುಗಿಸಿದ. ಹಿಡಿಯಲಿಲ್ಲ. "ಡಿಫೆಕ್ಟ್ ಪೀಸು," ಎಂದು ಸಾಮಾನಿನ ಡಬ್ಬಿಗೆ ಎಸೆದ. ಇನ್ನೊಂದನ್ನಿಟ್ಟ. ಅದು ಒಂದೆರಡು ಸುತ್ತು ಹಿಡಿದು ನಿಂತಿತು. ಆಗ ಸ್ಪ್ಯಾನರಿನ ಹಿಡಿಗೆ ಒಂದು ಪೈಪು ಸಿಕ್ಕಿಸಿ, ಅದರ ಮೇಲೆ ಮೈಭಾರವನ್ನೆಲ್ಲ ಬಿಟ್ಟು ಒತ್ತಿದ. ಕಬ್ಬಿಣ ಕಿರ್ರೆಂದು ಅತ್ತಿತು. "ಕೇಳಿಸ್ತಾ? ಇದು ಬಿಗಿ ಅಂದ್ರೆ," ಎಂದ. ಅವತ್ತಿನಿಂದ ಪೆಡಲ್ ಸೊಟ್ಟಗೆ ನಿಂತಿತ್ತು.

ಶನಿವಾರ ಮಧ್ಯಾಹ್ನ ಗಂಡ ಅಂಗಡಿಯಲ್ಲಿದ್ದಾಗ ಟ್ಯೂಬಕ್ಕ ಸೈಕಲನ್ನು ಹಿತ್ತಲಿಗೆ ತಂದು ತಲೆಕೆಳಗು ಮಾಡಿ ನಿಲ್ಲಿಸಿದಳು. ಅಂಗಡಿಯೂ ಬೇಡ, ಅವನ ಉಪಕಾರವೂ ಬೇಡ, ಏನಾಗುತ್ತೋ ಆಗಲಿ ಎಂಬ ಹಟ ಹುಟ್ಟಿತ್ತು. ಅತ್ತೆಯ ಮಂಚದ ಕೆಳಗಿದ್ದ ಮಾವನ ಸಾಮಾನಿನ ಡಬ್ಬಿಯನ್ನು ದರದರ ಎಳೆದುಕೊಂಡು ಬಂದಳು. ಅತ್ತೆಗೆ ಮಂಡಿನೋವು. ಗೋಡೆ ಹಿಡಿದುಕೊಂಡು ಬಂದು ಹಿತ್ತಲ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತರು.

ಬಿದ್ದಿದ್ದ ಪೆಡಲನ್ನೇ ತೂತಿಗಿಟ್ಟು ಟ್ಯೂಬಕ್ಕ ಬಲಕ್ಕೆ ತಿರುಗಿಸಿದಳು. ಅದು ಜಾರಿತು. ಮತ್ತೆ ಇಟ್ಟಳು, ಮತ್ತೆ ಜಾರಿತು. ಗಂಡನಿಗೆ ಬೈದಳು, ಪೆಡಲಿಗೆ ಬೈದಳು, ಸ್ಪ್ಯಾನರನ್ನು ನೆಲಕ್ಕೆ ಕುಕ್ಕಿದಳು.

"ಅದು ಆ ಕಡೇದಲ್ಲ," ಎಂದರು ಅತ್ತೆ.

"ಏನು?"

"ಆ ಪೆಡಲ್ಲು. ಬಲಗಾಲಿಂದು ಅದು. ಕಡ್ಡಿ ತುದೀಲಿ ಅಕ್ಷರ ಇರುತ್ತೆ, ಎಣ್ಣೆ ಒರೆಸಿ ನೋಡು. ನಿಂತಿರೋದು ಬಲ, ಕೂತಿರೋದು ಎಡ."

ಟ್ಯೂಬಕ್ಕ ಸೆರಗಿನಿಂದಲೇ ಒರೆಸಿದಳು. ಇಂಗ್ಲಿಷಿನ ಆರ್. ಒಂದು ಕಾಲು ಮುಂದಿಟ್ಟು ನಿಂತಿತ್ತು. ಡಬ್ಬಿಯೊಳಗೆ ಕೈಯಾಡಿಸಿ ಡಿಫೆಕ್ಟ್ ಪೀಸನ್ನು ಹುಡುಕಿ ತೆಗೆದಳು. ಇಂಗ್ಲಿಷಿನ ಎಲ್, ಕಾಲು ಚಾಚಿಕೊಂಡು ಆರಾಮವಾಗಿ ಕೂತಿತ್ತು. ಅತ್ತೆಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಮಾವನ ರಿಪೇರಿ ಅಂಗಡಿಯಲ್ಲಿ ಮೂವತ್ತು ವರ್ಷ ಸಾಮಾನು ಎತ್ತಿಕೊಟ್ಟವರು ಅವರು.

"ಎಡಗಡೇದಕ್ಕೆ ತಿರುಪಿನ ತ್ರೆಡ್ ಉಲ್ಟಾ ಇರುತ್ತೆ. ಎಡಕ್ಕೆ ತಿರುಗಿಸಿದ್ರೆ ಬಿಗಿ. ಅದಕ್ಕೇ ಬಲಕ್ಕೆ ತಿರುಗಿಸಿದಾಗ ಹಿಡೀಲಿಲ್ಲ ಅದು. ಅದರಲ್ಲೇನೂ ಡಿಫೆಕ್ಟ್ ಇಲ್ಲ."

ಟ್ಯೂಬಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಹನ್ನೊಂದು ಟ್ಯೂಬು, ಸೂಜಿ ಚುಚ್ಚಿಸಿಕೊಂಡು ಕಿರುಚುವ ಮಗು, ಕಿಟಕಿಯಿಲ್ಲದ ಕೋಣೆ, ಎಲ್ಲ ಒಟ್ಟಿಗೆ ಬಾಯಿಗೆ ಬಂತು.

"ಇಷ್ಟೆಲ್ಲ ಗೊತ್ತಿದ್ದೂ ಬಾಯಿ ಮುಚ್ಕೊಂಡು ಕೂತಿದ್ರಾ ಅತ್ತೆ? ಮೂರು ಸಲ ಬಿದ್ದೆ ನಾನು. ಬಸ್ಸಿನ ಕೆಳಗೆ ಹೋಗ್ತಿದ್ದೆ. ಮಗ ತಪ್ಪು ಮಾಡಿದ ಅಂತ ಹೇಳೋಕೆ ನಿಮಗೆ ಅಷ್ಟು ಕಷ್ಟ ಆಯ್ತಾ?"

ಅತ್ತೆ ಸ್ಟೂಲನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡರು.

"ಅವತ್ತೇ ಹೇಳಿದ್ದೆ. ಅದು ಆ ಕಡೇದಲ್ಲ ಅಂತ, ಇಲ್ಲೇ ಕೂತು. ಅವನು ನೀನು ಸುಮ್ನಿರಮ್ಮ ಅಂದ." ಅವರು ಸೊಸೆಯ ಮುಖವನ್ನು ನೇರವಾಗಿ ನೋಡಿದರು. "ನೀನು ಅಲ್ಲೇ ನಿಂತಿದ್ದೆ. ಅತ್ತೆ, ಅವರಿಗೆ ಗೊತ್ತಿರುತ್ತೆ ಬಿಡಿ ಅಂತ ನಕ್ಕೆ."

ಟ್ಯೂಬಕ್ಕನಿಗೆ ನಕ್ಕದ್ದು ನೆನಪಾಯಿತು. ಮುದುಕಿಗೆ ಸೈಕಲ್ಲಿನ ವಿಷಯ ಯಾಕೆ ಎಂದು ಮನಸ್ಸಿನಲ್ಲಿ ಅಂದುಕೊಂಡದ್ದೂ ನೆನಪಾಯಿತು. ಇಷ್ಟು ಹೊತ್ತು ಗಂಡನ ಮೇಲೆ ಹರಿಹಾಯುತ್ತಿದ್ದ ಸಿಟ್ಟು ತಿರುಗಿ ತನ್ನ ಮೇಲೇ ಬಂದು ಬಿದ್ದಿತ್ತು. ಅದನ್ನು ಯಾರ ಮೇಲೆ ತೀರಿಸಿಕೊಳ್ಳುವುದೆಂದು ತಿಳಿಯದೆ ಅವಳು ಸ್ಪ್ಯಾನರನ್ನು ಎತ್ತಿಕೊಂಡಳು.

"ತೂತಿನ ತ್ರೆಡ್ ಹಾಳಾಗಿದೆಯಲ್ಲ. ಈಗ ಏನು ಮಾಡೋದು, ಹೇಳಿ," ಎಂದಳು.

"ಅವನು ಹೊರಗಡೆಯಿಂದ ಅರ್ಧ ಕೊರೆದಿದ್ದಾನೆ. ಒಳಗಿನ ಅರ್ಧ ಚೆನ್ನಾಗಿರುತ್ತೆ. ಕೂತಿರೋದನ್ನ ಹಿಂದುಗಡೆಯಿಂದ ಹಾಕು, ಚಕ್ರದ ಕಡೆಯಿಂದ. ಮೊದಲು ಎಣ್ಣೆ. ಸ್ಪ್ಯಾನರ್ ಬೇಡ, ಕೈಯಲ್ಲೇ ಶುರು ಮಾಡು. ತೂತಿಗೆ ಮುಖ ಮಾಡಿ ಎಡಕ್ಕೆ."

ಎಡಕ್ಕೆ ತಿರುಗಿಸಿದಳು. ಕಡ್ಡಿ ಮೆತ್ತಗೆ ಹಿಡಿಯಿತು. ಒಂದು ಸುತ್ತು, ಎರಡು, ಮೂರು. ಕೆಟ್ಟಿದ್ದ ಭಾಗ ಬಂದಾಗ ಬಿಗಿಯಾಯಿತು. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಮತ್ತೆ ಎಣ್ಣೆ ಎಂದು ಅತ್ತೆ ಹೇಳುತ್ತಾ ಹೋದರು. ಕಬ್ಬಿಣದ ಚೂರುಗಳು ಎಣ್ಣೆಯೊಂದಿಗೆ ಕಪ್ಪಾಗಿ ಹೊರಬಂದವು. ಹಿಂದಿನಿಂದ ಪೂರ್ತಿ ದಾಟಿಸಿ, ಬಿಚ್ಚಿ ತೆಗೆದು, ಒರೆಸಿ, ಈಗ ಮುಂದಿನಿಂದ ಹಾಕಿದಾಗ ಪೆಡಲ್ ನೆಟ್ಟಗೆ ಹೋಗಿ ಕೂತಿತು. ಕೊನೆಗೆ ಸ್ಪ್ಯಾನರಿನಿಂದ ಒಂದೇ ಒಂದು ಎಳೆತ. ಅತ್ತೆ ಪೆಡಲನ್ನು ಹಿಡಿದು ಅಲ್ಲಾಡಿಸಿ ನೋಡಿದರು. ಅಲ್ಲಾಡಲಿಲ್ಲ.

ಗಂಡನಿಗೆ ಇಬ್ಬರೂ ಏನೂ ಹೇಳಲಿಲ್ಲ. ಭಾನುವಾರ ಬೆಳಿಗ್ಗೆ ಟ್ಯೂಬಕ್ಕ ಬಟ್ಟೆ ಒಣಹಾಕಲು ಹಿತ್ತಲಿಗೆ ಬಂದರೆ ಬಿಗಿರಾಯ ಆಗಲೇ ಸೈಕಲ್ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಸ್ಪ್ಯಾನರ್ ಎಡ ಪೆಡಲಿನ ಮೇಲಿತ್ತು. ಪಕ್ಕದಲ್ಲಿ ಪೈಪು.

"ಏನು ಮಾಡ್ತಿದ್ದೀರಿ?"

"ಯಾರ ಹತ್ರ ಮಾಡಿಸಿದೆ ಇದನ್ನ? ಬಿಗೀನೇ ಮಾಡಿಲ್ಲ, ಬಲಕ್ಕೆ ತಿರುಗಿಸಿದ್ರೆ ಇನ್ನೂ ತಿರುಗುತ್ತೆ ನೋಡು."

ಕೈಯಲ್ಲಿದ್ದ ಒದ್ದೆ ಬಟ್ಟೆ ನೆಲಕ್ಕೆ ಬಿತ್ತು. ಟ್ಯೂಬಕ್ಕ ಅವನ ಮಣಿಕಟ್ಟನ್ನು ಹಿಡಿದಳು. ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ಅವನ ಕೈಯನ್ನು ಅಷ್ಟು ಗಟ್ಟಿಯಾಗಿ ಹಿಡಿದದ್ದು ಇದೇ ಮೊದಲು.

"ಕೈ ತೆಗೀರಿ. ನೀವು ಬಿಚ್ತಾ ಇದ್ದೀರಿ ಅದನ್ನ."

"ನನಗೆ ಹೇಳಿಕೊಡ್ತೀಯಾ? ಸೈಕಲ್ ರಿಪೇರಿಯವನ ಮಗ..."

"ಎಡಕ್ಕೆ ಕಣೋ," ಎಂದರು ಅತ್ತೆ, ಬಾಗಿಲಿನಿಂದ.

"ನೀನು ಸುಮ್ನಿರಮ್ಮ."

"ಅವರು ಸುಮ್ನಿರಲ್ಲ," ಎಂದಳು ಟ್ಯೂಬಕ್ಕ. "ನೀವು ರಿಪೇರಿಯವನ ಮಗ. ಅವರು ರಿಪೇರಿಯವನ ಜೊತೆ ಕೆಲಸ ಮಾಡಿದೋರು. ಆರು ವಾರದ ಹಿಂದೆ ನೀವು ಬಾಯಿ ಮುಚ್ಚಿಸಿದ್ರಿ, ನಾನು ನಕ್ಕೆ. ಅದಕ್ಕೆ ಎರಡು ವರ್ಷದ ಮಗೂಗೆ ಮತ್ತೆ ಸೂಜಿ ಚುಚ್ಚಬೇಕಾಗಿದೆ. ಅತ್ತೆ, ಇನ್ನೊಂದು ಸಲ ಹೇಳಿ. ಜೋರಾಗಿ ಹೇಳಿ."

ಅತ್ತೆ ಜೋರಾಗಿಯೇ ಹೇಳಿದರು. ಪಕ್ಕದ ಮನೆಯ ಕಿಟಕಿಯಲ್ಲಿ ಯಾರೋ ಇಣುಕಿದರು. ಬಿಗಿರಾಯ ಕೈಯಲ್ಲಿದ್ದ ಸ್ಪ್ಯಾನರನ್ನು, ಅಮ್ಮನನ್ನು, ಹೆಂಡತಿಯನ್ನು ಒಂದೊಂದು ಸಲ ನೋಡಿದ. ಆಮೇಲೆ ತಾನೇ ಎಡಕ್ಕೆ ತಿರುಗಿಸಿ ನೋಡಿದ. ಪೆಡಲ್ ಬಿಗಿಯಾಗಿ ನಿಂತಿತು. "ಅಪ್ಪ ನನಗೆ ಇದನ್ನ ಯಾವತ್ತೂ ಹೇಳಲೇ ಇಲ್ಲ," ಎಂದು ಗೊಣಗಿದ. ಸ್ಪ್ಯಾನರನ್ನು ನೆಲದ ಮೇಲಿಟ್ಟು ಒಳಗೆ ಹೋದ. ಟ್ಯೂಬಕ್ಕನಿಗೆ ಅವನ ಮೇಲೆ ಕನಿಕರ ಬರಬೇಕಿತ್ತೇನೋ, ಅವತ್ತು ಬರಲಿಲ್ಲ.

ಸೋಮವಾರ ಹತ್ತಕ್ಕೆ ಹತ್ತು ನಿಮಿಷವಿರುವಾಗ ಅವಳು ಲ್ಯಾಬಿನ ಮೇಜಿನ ಮೇಲೆ ಡಬ್ಬಿ ಇಟ್ಟಳು.

"ಪರವಾಗಿಲ್ವೇ," ಎಂದರು ಇನ್‌ಚಾರ್ಜ್. "ಯಾವ ಅಂಗಡೀಲಿ ಮಾಡಿಸಿದ್ರಿ?"

"ಮನೇಲೇ. ನಮ್ಮ ಅತ್ತೆ ಹೇಳಿಕೊಟ್ರು, ನಾನು ಮಾಡ್ದೆ."

ಇನ್‌ಚಾರ್ಜ್ ನಕ್ಕರು. "ನಿಮ್ಮ ಅತ್ತೆ ಸೈಕಲ್ ರಿಪೇರಿ ಮಾಡ್ತಾರಾ?"

ಆ ನಗು ಟ್ಯೂಬಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಆರು ವಾರದ ಹಿಂದೆ ಅವಳದೇ ಬಾಯಲ್ಲಿ ಬಂದಿತ್ತು. ಅವಳು ಉತ್ತರ ಕೊಡದೆ ಡಬ್ಬಿಯ ಮುಚ್ಚಳ ತೆಗೆದು, ಟ್ಯೂಬುಗಳನ್ನು ಒಂದೊಂದಾಗಿ ಅವರ ಮುಂದೆ ಸ್ಟ್ಯಾಂಡಿನಲ್ಲಿ ನಿಲ್ಲಿಸತೊಡಗಿದಳು. ಅವಸರ ಮಾಡಲಿಲ್ಲ. ಮತ್ತೆ ಸೂಜಿ ಚುಚ್ಚಿ ತೆಗೆದ ಎರಡು ವರ್ಷದ ಮಗುವಿನ ಟ್ಯೂಬೂ ಅದರಲ್ಲಿತ್ತು. ಅದನ್ನು ಕೊನೆಗೆ ಇಟ್ಟಳು. ನಲವತ್ತೆರಡು ಟ್ಯೂಬೂ ನಿಂತು ಮುಗಿಯುವ ಹೊತ್ತಿಗೆ ಇನ್‌ಚಾರ್ಜ್ ನಗುತ್ತಿರಲಿಲ್ಲ.

"ಮಾಡ್ತಾರೆ," ಎಂದಳು ಅವಳು.